ತಪ್ಪು ನಂಬರಿನ ಶನಿವಾರಗಳು

ಭಾನುವಾರ ಬೆಳಿಗ್ಗೆ ವಿಶ್ವನಾಥ ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಮೊದಲನೆಯ ಫೋನು ಬಂತು. ಅಕ್ಕ ಪುಟ್ಟಬಸಮ್ಮ ತೆಗೆದು ಮಾತಾಡಿದಳು. ಆಮೇಲೆ ಬಚ್ಚಲ ಬಾಗಿಲಿಗೆ ಬಂದು, “ಯಾರೋ ಹೆಣ್ಣು ಕೇಳ್ತಾವ್ರೆ ಕಣೋ. ನಮ್ಮನೇಲಿ ಹೆಣ್ಣದೆಯಂತೆ,” ಎಂದಳು.

“ರಾಂಗ್ ನಂಬರ್ ಅಂತೇಳಿ ಇಟ್ಬುಡಕ್ಕ.”

“ಏಳ್ದೆ. ಪೇಪರ್‌ನಲ್ಲಿ ಹಾಕ್ಬುಟ್ಟು ರಾಂಗ್ ನಂಬರ್ ಅಂತೀರಲ್ಲ ಅಂತ ನಂಗೇ ಬೈದ್ರು.”

ಅವನು ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಇನ್ನೂ ಇಬ್ಬರು ಫೋನು ಮಾಡಿದ್ದರು. ಒಬ್ಬ ಅರಸೀಕೆರೆಯವನು, ಇನ್ನೊಬ್ಬ ಊರು ಹೇಳಲೇ ಇಲ್ಲ. ತಿಂಡಿ ತಿನ್ನುವಾಗ ಮತ್ತೊಬ್ಬ. ವಿಶ್ವನಾಥ ತಟ್ಟೆಯಲ್ಲೇ ಕೈ ತೊಳೆದು, ರಸ್ತೆ ಕೊನೆಯ ಹೋಟೆಲಿಗೆ ಹೋಗಿ ಅಲ್ಲಿಗೆ ಬರುವ ಪೇಪರನ್ನು ಕೈಗೆತ್ತಿಕೊಂಡ. ‘ವರ ಬೇಕಾಗಿದೆ’ ಎಂಬ ಸಾಲುಗಳ ನಡುವೆ ಅವನ ಫೋನ್ ನಂಬರು ಅಚ್ಚಾಗಿತ್ತು. ‘ಬ್ರಾಹ್ಮಣ, ೪೪ ವರ್ಷ, ಅವಿವಾಹಿತೆ, ಸ್ವಂತ ದುಡಿಮೆ. ವಿಧುರರೂ ಆಗಬಹುದು. ಜಾತಿ ಅಡ್ಡಿಯಿಲ್ಲ. ಜಾತಕ ಬೇಡ. ಸುಳ್ಳು ಹೇಳದವರು ಮಾತ್ರ ಸಂಪರ್ಕಿಸಿ.’

ವಿಶ್ವನಾಥನಿಗೆ ಆಗ ನಲವತ್ತೇಳು. ಬನ್ನಿಮಂಟಪದಲ್ಲಿ ಅವನದು ಮೋಟಾರು ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರುಗಳ ಒಳಗಿನ ಕರಿ ತಂತಿಯನ್ನು ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಪ್ಪನ ಕಾಲದಿಂದ ಬಂದದ್ದು. ಅಪ್ಪ ಹೋದಮೇಲೆ ಇಬ್ಬರು ತಂಗಿಯರ ಮದುವೆ ಮುಗಿಸುವುದರಲ್ಲಿ ಅವನ ವಯಸ್ಸು ಕಳೆಯಿತು. ಆಮೇಲೆ ನೋಡಿದ ಹೆಣ್ಣುಗಳ ಮನೆಯವರಿಗೆ ಅಂಗಡಿಯ ವಾರ್ನಿಷ್ ವಾಸನೆ ಹಿಡಿಸಲಿಲ್ಲ. ಗಂಡ ತೀರಿಕೊಂಡ ಪುಟ್ಟಬಸಮ್ಮ ತಮ್ಮನ ಜೊತೆಗೇ ಬಂದು ನಿಂತಳು. ಅಂಗಡಿಯ ಹಿಂದೆಯೇ ಮನೆ. ಮದುವೆಯ ಮಾತನ್ನು ಇಬ್ಬರೂ ಯಾವತ್ತು ನಿಲ್ಲಿಸಿದರೋ ಇಬ್ಬರಿಗೂ ನೆನಪಿರಲಿಲ್ಲ.

ಸೋಮವಾರ ಅವನು ಅಂಗಡಿ ತೆಗೆಯದೆ ಪತ್ರಿಕೆಯ ಕಚೇರಿಗೆ ಹೋದ. ಜಾಹೀರಾತು ಕೌಂಟರಿನಲ್ಲಿ ಶಿವಲಿಂಗಯ್ಯ ಎನ್ನುವವರು ಕೂತಿದ್ದರು. ಕನ್ನಡಕ ಏರಿಸಿ ಹಳೆಯ ಚೀಟಿಯನ್ನೂ ಪೇಪರನ್ನೂ ಅಕ್ಕಪಕ್ಕ ಇಟ್ಟು ನೋಡಿ, “ಅಯ್ಯೋ, ಕೊನೇ ಅಂಕಿ ಒಂದು ಅಂತಿರೋದು ಏಳು ಆಗ್ಬುಟ್ಟಿದೆ ಕಣ್ರೀ. ನಮ್ದೇ ತಪ್ಪು,” ಎಂದು ಆ ಹೆಂಗಸಿಗೆ ಫೋನು ಮಾಡಿದರು. ಆಕೆ ಹತ್ತಿರದಲ್ಲೇ ಇದ್ದಳೆಂದು ಕಾಣುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಬಂದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಬಿಸಿಲಿಗೆ ಕೆಂಪಾದ ಮುಖ. ಅರೆ ನರೆತ ಕೂದಲಿಗೆ ಬಣ್ಣ ಹಚ್ಚಿರಲಿಲ್ಲ. ಹೆಸರು ವೇದವತಿ.

“ನಿಮಗೆ ತುಂಬ ತೊಂದರೆ ಆಯ್ತೇನೋ,” ಎಂದಳು.

“ತೊಂದ್ರೆ ಏನಿಲ್ಲ ಬುಡಿ. ಎಂಟೊಂಬತ್ತು ಜನ ಮಾಡಿದ್ರು. ನಿಮ್ಮ ನಂಬರ್ ಕೊಟ್ರೆ ಇನ್ಮೇಲೆ ಬರೋರಿಗೆ ಹೇಳ್ತೀನಿ.”

“ಮಾಡಿದೋರು ಏನಂದ್ರು?”

ವಿಶ್ವನಾಥ ಸಂಕೋಚದಿಂದ ನೆಲ ನೋಡಿದ. “ಗಂಡಸಿನ ದನಿ ಕೇಳಿದ ತಕ್ಷಣ ಮೂರು ಜನ ಹಾಗೇ ಕಟ್ ಮಾಡ್ಬುಟ್ರು. ಒಬ್ರು ಸ್ವಂತ ಸೈಟ್ ಇದೆಯಾ ಅಂದ್ರು. ಇನ್ನೊಬ್ರು… ಅದು ಬೇಡ ಬುಡಿ.”

ವೇದವತಿ ನಕ್ಕುಬಿಟ್ಟಳು. ಫೋನಿನ ಆ್ಯಪುಗಳಲ್ಲೆಲ್ಲ ಎರಡು ವರ್ಷ ಹುಡುಕಿ ಸಾಕಾಗಿದ್ದವಳು ಅವಳು. ಅಲ್ಲಿ ಬರುತ್ತಿದ್ದ ಮಾತುಗಳನ್ನು ಓದಿ ಓದಿ, ಪೇಪರ್ ಓದುವ ಗಂಡಸಿಗಾದರೂ ಸ್ವಲ್ಪ ತಾಳ್ಮೆ ಇದ್ದೀತು ಎಂದು ಇಲ್ಲಿಗೆ ಬಂದಿದ್ದಳು. ಅಮ್ಮ ತೀರಿಕೊಂಡಮೇಲೆ ಹಿನಕಲ್‌ನಲ್ಲಿ ಮಹಡಿ ಮನೆಯೊಂದರಲ್ಲಿ ಒಬ್ಬಳೇ ಬಾಡಿಗೆಗಿದ್ದಳು. ತಮ್ಮ ಮಾಧವ ಮಂಡ್ಯದಲ್ಲಿದ್ದ, ಈ ವಯಸ್ಸಿನಲ್ಲಿ ಮದುವೆ ಎಂದರೆ ಮುಖ ತಿರುಗಿಸುತ್ತಿದ್ದ.

“ಒಂದು ಮಾತು ಕೇಳಲಾ?” ಎಂದಳು. “ನೀವು ಬೇಜಾರು ಮಾಡ್ಕೋಬಾರದು. ಗಂಡಸಿನ ದನಿಗೆ ಹೆದರಿ ಓಡೋರು ನನಗೆ ಬೇಡವೇ ಬೇಡ. ಈ ತಿಂಗಳು ನಾಲ್ಕು ಭಾನುವಾರವೂ ಜಾಹೀರಾತು ಬರುತ್ತೆ. ನಂಬರು ಹೀಗೇ ಇರಲಿ. ಯಾರಾದ್ರೂ ಒಳ್ಳೆಯವರು ಅನ್ನಿಸಿದ್ರೆ ಮಾತ್ರ ನನಗೆ ಹೇಳಿ.”

ಶಿವಲಿಂಗಯ್ಯ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ವಿಶ್ವನಾಥನಿಗೆ ಆಗುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. “ಆಗ್ಲಿ,” ಎಂದ.

ಹೀಗೆ ಶುರುವಾಯಿತು. ವೇದವತಿ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಕಟ್ಟಿಸುವ ಹಲ್ಲು ತಯಾರಿಸುವುದು ಅವಳ ಉದ್ಯೋಗ. ಶನಿವಾರ ಕೆಲಸ ಬೇಗ ಮುಗಿಯುತ್ತಿತ್ತು. ಮುಗಿಸಿಕೊಂಡು ಸ್ಕೂಟರಿನಲ್ಲಿ ಬನ್ನಿಮಂಟಪಕ್ಕೆ ಬಂದು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಪುಟ್ಟಬಸಮ್ಮ ಒಳಗಿನಿಂದ ಟೀ ತಂದುಕೊಡುತ್ತಿದ್ದಳು. ವಿಶ್ವನಾಥ ಕಾಯಿಲ್ ಸುತ್ತುತ್ತಲೇ ವಾರದ ವರದಿ ಒಪ್ಪಿಸುತ್ತಿದ್ದ.

“ಒಬ್ಬರು ಚಾಮರಾಜನಗರದೋರು. ಬ್ಯಾಂಕಲ್ಲಿದ್ದಾರೆ. ಅವರಪ್ಪಂಗೆ ಪಾರ್ಶ್ವವಾಯು. ನೋಡ್ಕೊಳ್ಳೋಕೆ ನರ್ಸ್ ಇಟ್ರೆ ನಿಲ್ತಿಲ್ವಂತೆ, ಅದಕ್ಕೇ ಮದುವೆ ಆಗ್ಬೇಕು ಅಂತಿದ್ದಾರೆ.”

“ಬೇಡ.”

“ನಾನೂ ಅದನ್ನೇ ಅಂದೆ. ಇನ್ನೊಬ್ಬರ ತಾಯಿ ಮಾಡಿದ್ರು. ಮಗಂಗೆ ಮೂವತ್ತೊಂದಂತೆ. ಹೆಣ್ಣೇ ಸಿಕ್ತಿಲ್ಲ, ವಯಸ್ಸು ಹೆಚ್ಚಾದ್ರೂ ಪರವಾಗಿಲ್ಲ ಅಂತ ಅತ್ತುಬುಟ್ರು. ಅರ್ಧ ಗಂಟೆ ಸಮಾಧಾನ ಮಾಡಿದೆ.”

“ನೀವಾ? ಸಮಾಧಾನ?”

“ಏನ್ಮಾಡೋದು ಹೇಳಿ. ಫೋನ್ ಇಡೋಕೆ ಮನಸ್ಸು ಬರಲಿಲ್ಲ.”

ಅವಳು ನಗುತ್ತಿದ್ದಳು, ಅವನೂ ನಗುತ್ತಿದ್ದ. ನಗುವಾಗ ಅವನು ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ವರ್ಷಗಳ ಹಿಂದೆ ಮೋಟಾರಿನ ಮುಚ್ಚಳ ಬಡಿದು ಹೋಗಿತ್ತು. ವೇದವತಿ ಎರಡು ಶನಿವಾರ ಸುಮ್ಮನಿದ್ದಳು. ಮೂರನೆಯದಕ್ಕೆ ಚೀಲದಿಂದ ಒಂದು ಪಟ್ಟಿ ತೆಗೆದಳು. ಬಿಳಿ, ತಿಳಿಹಳದಿ, ಕಂದು ಛಾಯೆಯ ಹಲ್ಲಿನಾಕಾರದ ಚೂರುಗಳು ಅದರಲ್ಲಿ ಸಾಲಾಗಿದ್ದವು.

“ಹೊರಗೆ ಬೆಳಕಿಗೆ ಬನ್ನಿ.”

“ಯಾಕ್ರೀ?”

“ಬನ್ನಿ ಅಂದ್ರೆ ಬನ್ನಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಗೊತ್ತಾಗಲ್ಲ.”

ಅಂಗಡಿಯ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ ಅವಳು ಎದುರು ನಿಂತಳು. ಇಳಿಬಿಸಿಲು ಅವನ ಮುಖದ ಮೇಲಿತ್ತು. “ಈ ಅನ್ನಿ,” ಎಂದಳು. ಅವನು ಚಿಕ್ಕ ಹುಡುಗನ ಹಾಗೆ ‘ಈ’ ಎಂದ. ಅವಳು ಒಂದೊಂದೇ ಚೂರನ್ನು ಅವನ ತುಟಿಯ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, ತಲೆ ಅಲ್ಲಾಡಿಸಿ, ಇನ್ನೊಂದು ಹಿಡಿದು ನೋಡಿದಳು. ಅವಳ ಬೆರಳಿಗೆ ಲ್ಯಾಬಿನ ಮೇಣದ ವಾಸನೆಯಿತ್ತು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ವಿಶ್ವನಾಥನಿಗೆ ಅವರ್ಯಾರೂ ಕಾಣಲಿಲ್ಲ. ನಲವತ್ತೇಳು ವರ್ಷಗಳಲ್ಲಿ ಯಾರೂ ತನ್ನ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ನಿಧಾನವಾಗಿ ನೋಡಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ತಿಳಿದದ್ದೇ ಎದೆಯೊಳಗೆ ಒಂದು ಬಗೆಯ ಭಯ ಹೊಕ್ಕಿತು.

ಅವಳಿಗೆ ಪರಿಚಯದ ಡಾಕ್ಟರು ಅಳತೆ ತೆಗೆದುಕೊಂಡರು, ಹಲ್ಲನ್ನು ಅವಳೇ ಮಾಡಿದಳು. ಕೂರಿಸಿದ ದಿನ ಪುಟ್ಟಬಸಮ್ಮ ತಮ್ಮನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, “ಮದುಮಗ ಆದಂಗಾದೆ ಕಣೋ,” ಎಂದಳು. ಅವನು ಸಿಡುಕಿದ. ಯಾಕೆ ಸಿಡುಕಿದೆ ಎಂದು ಆಮೇಲೆ ಅವನಿಗೇ ಬೇಜಾರಾಯಿತು.

ತಿಂಗಳು ಮುಗಿಯಿತು. ಇನ್ನು ಜಾಹೀರಾತು ಬರುವುದಿಲ್ಲ, ಅವಳೂ ಬರುವುದಿಲ್ಲ ಎಂದುಕೊಂಡು ಅವನು ಭಾನುವಾರ ಪೇಪರ್ ನೋಡಿದರೆ ಅದೇ ಸಾಲುಗಳು, ಅದೇ ತಪ್ಪು ನಂಬರು ಮತ್ತೆ ಬಂದಿತ್ತು. ಇನ್ನೂ ಯಾರೂ ಹೊಂದಲಿಲ್ಲವಲ್ಲ, ಅದಕ್ಕೇ ಮುಂದುವರಿಸಿದ್ದಾಳೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಒಳಗೊಳಗೇ ಖುಷಿಯಾಯಿತು. ಆ ಖುಷಿಗೂ ನಾಚಿಕೆಪಟ್ಟ.

ಅವನ ಸಂಕಟ ಇದ್ದದ್ದು ಬೇರೆ ಕಡೆ. ಇಷ್ಟು ದಿನ ಅವನು ಎಷ್ಟೋ ಜನರನ್ನು ಬೇಡವೆಂದು ಹಿಂದಕ್ಕೆ ಕಳಿಸಿದ್ದ. ಕುಡಿಯುವವನನ್ನು, ಮೊದಲ ಹೆಂಡತಿ ಇನ್ನೂ ಮನೆಯಲ್ಲೇ ಇದ್ದವನನ್ನು, ಎರಡು ಸಲ ಎರಡು ವಯಸ್ಸು ಹೇಳಿದವನನ್ನು. ಎಲ್ಲವನ್ನೂ ನ್ಯಾಯವಾಗಿಯೇ ಮಾಡಿದ್ದ. ಈಗ ತಾನೇ ಎದುರು ನಿಂತು ‘ನಾನಿದ್ದೀನಿ’ ಎಂದರೆ ಆ ನ್ಯಾಯವೆಲ್ಲ ಏನಾಗುತ್ತದೆ? ನಂಬಿ ಕೈಗೆ ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡ ಹಾಗಲ್ಲವೇ? ಬಂದವರನ್ನೆಲ್ಲ ಬೇಕೆಂದೇ ಓಡಿಸಿದ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿದರೂ ತಾನು ಬದುಕಲಾರೆ ಎಂದುಕೊಂಡ. ಪ್ರತಿ ಶನಿವಾರ ಮಾತು ಗಂಟಲಿನವರೆಗೆ ಬಂದು ಟೀ ಜೊತೆ ಒಳಗೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಫೋನು ಬಂತು.

“ನಮಸ್ಕಾರ. ನನ್ನ ಹೆಸರು ರಾಮಸ್ವಾಮಿ, ಶ್ರೀರಾಂಪುರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ. ಪೇಪರ್ ನೋಡಿ ಮಾಡ್ತಿದ್ದೀನಿ. ಮುಂದಕ್ಕೆ ಮಾತಾಡೋ ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ನನ್ನ ಹೆಂಡತಿ ಹೋಗಿ ಆರು ವರ್ಷ ಆಯ್ತು. ಅವಳ ತಾಯಿ ನನ್ನ ಜೊತೆ ಇದ್ದಾರೆ. ಅವರಿಗೆ ಬೇರೆ ಯಾರೂ ಇಲ್ಲ. ಅವರು ನನ್ನ ಜೊತೆಗೇ ಇರ್ತಾರೆ. ಹಾಗಂತ ಬರೋರು ಅವರ ಸೇವೆ ಮಾಡಬೇಕಿಲ್ಲ, ನಾನೇ ಮಾಡ್ತೀನಿ. ಇದು ಒಪ್ಪಿಗೆ ಇಲ್ಲದಿದ್ರೆ ನಿಮ್ಮ ಸಮಯ ಹಾಳು ಮಾಡಲ್ಲ.”

ವಿಶ್ವನಾಥ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಆ ದನಿಯಲ್ಲಿ ಕುಂದೇನಾದರೂ ಸಿಕ್ಕೀತೇ ಎಂದು ಕಿವಿಗೊಟ್ಟಿದ್ದ. “ನಾನು ಒಂದ್ಸಲ ನಿಮ್ಮ ಮನೆಗೆ ಬಂದು ನೋಡಬಹುದಾ?” ಎಂದ ಕೊನೆಗೆ. ಬೇರೆ ಯಾರ ಮನೆಗೂ ಅವನು ಹೋಗಿರಲಿಲ್ಲ.

“ಧಾರಾಳವಾಗಿ ಬನ್ನಿ. ತಾವು ಅವರಿಗೆ ಏನಾಗಬೇಕು?”

“ಫೋನು ನನ್ನದು,” ಎಂದುಬಿಟ್ಟ ವಿಶ್ವನಾಥ.

ಮರುದಿನ ಶ್ರೀರಾಂಪುರದ ಆ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಒಳಗೆ ರಾಮಸ್ವಾಮಿ ನೆಲದ ಮೇಲೆ ಕೂತು, ಕುರ್ಚಿಯಲ್ಲಿದ್ದ ಮುದುಕಿಯ ಕಿವಿಯ ಹತ್ತಿರ ಬಾಯಿಟ್ಟು ಪೇಪರಿನ ಸುದ್ದಿಯನ್ನು ಜೋರಾಗಿ ಓದಿ ಹೇಳುತ್ತಿದ್ದರು. ಮುದುಕಿ ಒಂದೊಂದು ಸುದ್ದಿಗೂ “ಅಯ್ಯೋ ಪಾಪ” ಎನ್ನುತ್ತಿದ್ದರು, ಕ್ರಿಕೆಟ್ ಸುದ್ದಿಗೂ. ಬಂದವನನ್ನು ಕಂಡು ರಾಮಸ್ವಾಮಿ ನಾಚಿಕೊಂಡು ಎದ್ದರು. ತೆಳ್ಳಗಿನ ಮನುಷ್ಯ, ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು. ತಾವೇ ಕಾಫಿ ಮಾಡಿ ತಂದರು. ಕಾಫಿ ಚೆನ್ನಾಗಿತ್ತು.

ವಿಶ್ವನಾಥ ಮನೆಯನ್ನೆಲ್ಲ ಕಣ್ಣಲ್ಲೇ ಶೋಧಿಸಿದ. ಕೆಟ್ಟದ್ದೇನಾದರೂ ಇರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಹಿತ್ತಲಿನಲ್ಲಿ ನೀರಿನ ಮೋಟಾರು ಸುಮ್ಮನೆ ಗುಂಯ್ ಎನ್ನುತ್ತಾ ತಿರುಗದೆ ನಿಂತಿತ್ತು. ಅಭ್ಯಾಸಬಲದಿಂದ ಹೋಗಿ ನೋಡಿದ. ಕೆಪಾಸಿಟರ್ ಹೋಗಿತ್ತು. ಗಾಡಿಯಲ್ಲಿದ್ದ ಒಂದನ್ನು ಹಾಕಿಕೊಟ್ಟ. ನೀರು ಮೇಲೇರುವ ಸದ್ದು ಕೇಳಿ ರಾಮಸ್ವಾಮಿಯವರ ಮುಖ ಅರಳಿತು.

“ನಾಲ್ಕು ದಿನದಿಂದ ಕೊಡದಲ್ಲಿ ಹೊರ್ತಾ ಇದ್ದೆ ಸಾರ್. ಅಮ್ಮನಿಗೆ ಬಿಸಿನೀರು ಬೇಕೇ ಬೇಕು.” ಆಮೇಲೆ ದನಿ ತಗ್ಗಿಸಿ, “ನಾನು ಹೇಳಬಾರದು. ಆದ್ರೂ ಆ ಜಾಹೀರಾತು ಕೊಟ್ಟೋರು ಒಳ್ಳೆಯವರಿರಬೇಕು ಅನ್ನಿಸಿತು. ಸುಳ್ಳು ಹೇಳದವರು ಅಂತ ಯಾರು ಕೇಳ್ತಾರೆ ಈ ಕಾಲದಲ್ಲಿ?” ಎಂದರು.

ಶನಿವಾರ ವೇದವತಿ ಬಂದಳು. ಅವನು ಕೆಲಸ ಕೆಳಗಿಟ್ಟು, ಕೈ ಒರೆಸಿಕೊಂಡು, ಏನನ್ನೂ ಮುಚ್ಚಿಡದೆ ಹೇಳಿದ. ಮುದುಕಿಯ ವಿಷಯ, ಪೇಪರ್ ಓದುವ ವಿಷಯ, ಕೊಡದಲ್ಲಿ ನೀರು ಹೊತ್ತ ವಿಷಯ. ಹೇಳುತ್ತಾ ಹೇಳುತ್ತಾ ತನ್ನ ಮಾತಿನಲ್ಲಿ ಆ ಮನುಷ್ಯ ಇನ್ನಷ್ಟು ಒಳ್ಳೆಯವನಾಗುತ್ತಿರುವುದು ಅವನಿಗೇ ಕೇಳಿಸುತ್ತಿತ್ತು. ನಿಲ್ಲಿಸಲಾಗಲಿಲ್ಲ.

ವೇದವತಿ ಟೀ ಮುಟ್ಟಲಿಲ್ಲ. “ನಿಮಗೆ ಏನನ್ನಿಸುತ್ತೆ?” ಎಂದಳು.

“ಒಳ್ಳೇ ಮನುಷ್ಯ ಕಣ್ರೀ. ನನ್ನ ತಂಗಿಗೆ ಬಂದ ಸಂಬಂಧ ಆಗಿದ್ರೆ ಕಣ್ಮುಚ್ಕೊಂಡು ಕೊಡ್ತಿದ್ದೆ.”

“ತಂಗಿಗೆ,” ಎಂದಳು ಅವಳು. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದಳು. “ಸರಿ. ಅವರ ನಂಬರು ಕೊಡಿ.”

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಪೇಪರಿನಲ್ಲಿ ಜಾಹೀರಾತು ನಿಂತಿತ್ತು. ಪುಟ್ಟಬಸಮ್ಮ ಎರಡು ಲೋಟದ ಟೀಗೆ ನೀರಿಟ್ಟು, ಮತ್ತೆ ನೆನಪಾಗಿ, ಒಂದನ್ನು ತಾನೇ ಕುಡಿದಳು. ತಮ್ಮನು ಒಂದೇ ಮೋಟಾರಿನ ತಂತಿಯನ್ನು ಸುತ್ತಿ, ತಪ್ಪೆಂದು ಬಿಚ್ಚಿ, ಮತ್ತೆ ಸುತ್ತುವುದನ್ನು ನೋಡುತ್ತಾ ಕೂತಿದ್ದವಳು ಕೊನೆಗೆ ಬಾಯಿಬಿಟ್ಟಳು.

“ನಿಂಗೆ ಬಾಯಿ ಇರ್ಲಿಲ್ವೇನೋ?”

“ಏನಕ್ಕ?”

“ಏನಕ್ಕ ಅಂತೀಯಲ್ಲ. ನಂಗೇನು ಕಣ್ಣು ಕಾಣಾಕಿಲ್ವಾ? ಆಕೆ ಬತ್ತಾಳೆ ಅಂದ್ರೆ ಶನಿವಾರ ಬೆಳಗ್ಗೆಯಿಂದ ಅಂಗಡಿ ಗುಡಿಸ್ತಿದ್ದೆ ನೀನು. ಒಂದ್ಮಾತು ಏಳೋಕೆ ಏನಾಗಿತ್ತು?”

“ಅಷ್ಟು ಜನಾನ ನಾನೇ ಬೇಡ ಅಂದ್ಬುಟ್ಟು, ಆಮೇಲೆ ನಾನೇ ನಿಂತ್ಕೊಂಡ್ರೆ ಎಂಗಿರ್ತದೆ ಅಕ್ಕ? ನಂಬಿದ್ರು ಅವರು.”

“ನಂಬಿದ್ರು ಅಂತ್ಲೇ ಏಳ್ಬೇಕಾಗಿತ್ತು ಕಣೋ ಪೆದ್ದ.” ಪುಟ್ಟಬಸಮ್ಮ ಮಂಡಿ ಹಿಡಿದುಕೊಂಡು ಎದ್ದು ನಿಂತಳು. “ಅವರು ಬ್ರಾಂಬ್ರು, ನಾವು ಲಿಂಗಾಯ್ತರು, ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ ಅಂತ ನಾನೂ ಮೊದಮೊದಲು ಅಂದ್ಕೊಂಡಿದ್ದೆ. ಆಡ್ಕೊಳ್ಳಿ ಬುಡು. ಇವತ್ತೇ ಓಗು. ಆಗಾಕಿಲ್ಲ ಅಂದ್ರೆ ಅವಳ ಬಾಯಲ್ಲೇ ಕೇಳ್ಕೊಂಡು ಬಾ.”

ಸಂಜೆ ಅವನು ಹಿನಕಲ್‌ಗೆ ಹೋದ. ಹಿಂದೆ ಹಳ್ಳಿಯಾಗಿದ್ದ ಜಾಗ, ಈಗ ಮಹಡಿಗಳ ಮೇಲೆ ಮಹಡಿ. ವೇದವತಿ ಹೊರಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಅವನನ್ನು ಕಂಡು ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಂತಿತು. ಬುಟ್ಟಿಯನ್ನು ಪಕ್ಕಕ್ಕಿಟ್ಟಳು.

“ಕೂತ್ಕೊಳ್ಳಿ.”

ಅವನು ಎರಡು ಮೆಟ್ಟಿಲು ಕೆಳಗೆ ಕೂತ. “ನಾನು ಒಂದು ವಿಷಯ ಮೊದಲೇ ಹೇಳ್ಬೇಕಾಗಿತ್ತು,” ಎಂದ. ಅಷ್ಟಕ್ಕೇ ನಿಂತ.

“ಈಗ ಬಂದ್ರಲ್ಲ,” ಎಂದಳು ವೇದವತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಎರಡನೇ ತಿಂಗಳು ಜಾಹೀರಾತು ಯಾಕೆ ಹಾಕಿಸಿದೆ ಅಂದ್ಕೊಂಡ್ರಿ? ಅದೇ ತಪ್ಪು ನಂಬರು ಹಾಕಿ ಅಂತ ಶಿವಲಿಂಗಯ್ಯನವರಿಗೆ ನಾನೇ ಹೇಳಿದೆ. ಅವರು ನಕ್ಕರು. ಅವರಿಗೂ ಗೊತ್ತಾಗಿತ್ತು, ನಿಮಗೆ ಗೊತ್ತಾಗಲಿಲ್ಲ.”

“ನೀವು… ನೀವಾದ್ರೂ ಒಂದ್ಮಾತು…”

“ಗಂಡು ಬೇಕು ಅಂತ ಪೇಪರಿನಲ್ಲಿ ಹಾಕಿಸಿದೋಳು ನಾನು. ಊರಿಗೆಲ್ಲ ಹೇಳಿದ್ದೆ ವಿಶ್ವನಾಥ್. ಇನ್ನು ಅದನ್ನೂ ನಾನೇ ಹೇಳಬೇಕಿತ್ತಾ?” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಪ್ರತಿ ಶನಿವಾರ ಹೆಲ್ಮೆಟ್ ಹಾಕ್ಕೊಳ್ಳುವಾಗ, ಇವತ್ತು ಹೇಳ್ತಾರೆ ಅಂದ್ಕೋತಿದ್ದೆ. ನೀವು ಇನ್ನೊಬ್ಬರ ಗುಣಗಾನ ಮಾಡಿದ್ರಿ. ತಂಗಿ ಅಂದ್ರಿ.”

ಕೆಳಗೆ ಯಾರೋ ಸ್ಕೂಟರ್ ನಿಲ್ಲಿಸಿ ಮನೆಯೊಳಗೆ ಹೋದರು.

“ನಾನು ಮಾತು ಕೊಟ್ಟಾಯ್ತು,” ಎಂದಳು. “ಅವರ ಮನೆಗೆ ಹೋಗಿದ್ದೆ. ಆ ಅಜ್ಜಿ ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. ನನ್ನ ಮಗಳು ಬಂದ್ಲು ಅಂತ ಅಕ್ಕಪಕ್ಕದೋರಿಗೆಲ್ಲ ಹೇಳಿದ್ದಾರೆ. ಅವರು, ಆ ರಾಮಸ್ವಾಮಿಯವರು, ಬಾಗಿಲಲ್ಲಿ ನಿಂತು ಕಣ್ಣೊರೆಸ್ಕೊಂಡ್ರು.”

ವಿಶ್ವನಾಥ ತಲೆಯಾಡಿಸಿದ. ಅವನ ಕಣ್ಣಿಗೆ ಆ ಬಾಗಿಲು, ಆ ಕುರ್ಚಿ, ಎಲ್ಲವೂ ಕಟ್ಟಿತು.

ಆಗ ವೇದವತಿ ಎರಡು ಮೆಟ್ಟಿಲಿಳಿದು ಅವನ ಪಕ್ಕದಲ್ಲಿ ಕೂತಳು. “ಒಂದು ಕೆಲಸ ಮಾಡಿ. ನೀವು ಅವರ ಮನೆ ನೋಡಿ ಬಂದಿದ್ದೀರಿ. ಅವರಲ್ಲಿ ಒಂದು ತಪ್ಪು ಹೇಳಿ. ಒಂದೇ ಒಂದು. ಸಣ್ಣದಾದ್ರೂ ಸರಿ. ನಾನು ಈಗಲೇ ಫೋನ್ ಮಾಡಿ ಆಗಲ್ಲ ಅಂತೀನಿ.”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಫೋನು ಅವಳ ಮಡಿಲಿನಲ್ಲೇ ಇತ್ತು. ವಿಶ್ವನಾಥ ಹುಡುಕಿದ. ಮನೆಯ ಗೋಡೆಗಳನ್ನು, ಕಾಫಿ ಲೋಟವನ್ನು, ಆ ಮನುಷ್ಯನ ನಡೆಯನ್ನು, ದನಿಯನ್ನು, ಕಣ್ಣನ್ನು, ಎಲ್ಲವನ್ನೂ ಮತ್ತೆ ಮತ್ತೆ ತಡಕಿದ. ಏನಾದರೂ ಹೇಳಿಬಿಡಬಹುದಿತ್ತು. ಮಾತು ಒರಟು ಅನ್ನಬಹುದಿತ್ತು. ಜಿಪುಣ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಇಲ್ಲವೋ, ನಂಬಿದ ಹಾಗಂತೂ ಮಾಡುತ್ತಿದ್ದಳು. ಅವಳು ಕಾಯುತ್ತಿರುವುದೂ ಅದಕ್ಕೇ ಎಂದು ಅವನಿಗೆ ಗೊತ್ತಾಯಿತು. ಆದರೆ ಬುಧವಾರದ ಆ ಫೋನು, ‘ಮೊದಲು ಒಂದು ವಿಷಯ ಹೇಳಿಬಿಡ್ತೀನಿ’ ಎಂದ ದನಿ, ಅವನ ಕಿವಿಯಲ್ಲಿತ್ತು.

“ಇಲ್ಲ,” ಎಂದ. “ಏನೂ ಇಲ್ಲ.”

ವೇದವತಿ ಎದ್ದು ಹುರುಳಿಕಾಯಿಯ ಬುಟ್ಟಿ ತೆಗೆದುಕೊಂಡಳು. “ಕತ್ತಲಾಗುತ್ತೆ. ಹುಷಾರಾಗಿ ಹೋಗಿ,” ಎಂದಳು. ಅವಳ ಕಣ್ಣು ತುಂಬಿತ್ತು. ಅವನು ಮೆಟ್ಟಿಲಿಳಿದು ಗಾಡಿ ಹತ್ತಿರ ಹೋಗಿ ನಿಂತ.

ಮದುವೆ ಗುಡಿಯೊಂದರಲ್ಲಿ ಸಣ್ಣದಾಗಿ ನಡೆಯಿತು. ಮಾಧವ ಬರಲಿಲ್ಲ. ವೇದವತಿಯ ಕಡೆಯಿಂದ ನಿಲ್ಲಲು ಯಾರೂ ಇಲ್ಲ ಎಂದು ರಾಮಸ್ವಾಮಿಯೇ ವಿಶ್ವನಾಥನಿಗೆ ಫೋನು ಮಾಡಿದರು. “ರಿಜಿಸ್ಟರ್ ಕಚೇರಿಯಲ್ಲಿ ಸಾಕ್ಷಿ ಬೇಕು ಸಾರ್. ನೀವಿಲ್ಲದೆ ಈ ಮದುವೆಯೇ ಇಲ್ಲ. ಇಲ್ಲ ಅನ್ನಬೇಡಿ.” ಅವರಿಗೆ ಏನೂ ಗೊತ್ತಿರಲಿಲ್ಲ. ವಿಶ್ವನಾಥ ಇಲ್ಲ ಅನ್ನಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಗುಮಾಸ್ತರು ತೋರಿಸಿದ ಜಾಗದಲ್ಲಿ ರುಜು ಹಾಕಿದ. ಫೋಟೋ ತೆಗೆಯುವ ಹುಡುಗಿ “ಅಂಕಲ್, ಸ್ವಲ್ಪ ನಗಿ” ಎಂದಳು. ನಕ್ಕ. ಕೈ ಅಡ್ಡ ಬರಲಿಲ್ಲ. ವೇದವತಿ ಅದನ್ನು ನೋಡಿ ಮುಖ ಬೇರೆಡೆಗೆ ತಿರುಗಿಸಿಕೊಂಡಳು.

ಮನೆಗೆ ಬಂದಾಗ ಪುಟ್ಟಬಸಮ್ಮ ಜಗಲಿಯಲ್ಲಿ ಕಾಯುತ್ತಿದ್ದಳು.

“ಊಟ ಏನ್ ಮಾಡ್ಸಿದ್ರು?”

“ಹೋಳಿಗೆ. ಚಿತ್ರಾನ್ನ. ಬೂದುಗುಂಬಳಕಾಯಿ ಮಜ್ಜಿಗೆಹುಳಿ.”

“ಹೋಳಿಗೆ ಕಡ್ಲೆಬೇಳೇದಾ, ತೊಗರಿಬೇಳೇದಾ?”

“ನೋಡ್ಲಿಲ್ಲ ಅಕ್ಕ.”

“ಕೋಸಂಬರಿ?”

“ಇತ್ತು.”

ಅವಳಿಗೆ ಕೇಳಲು ಇನ್ನೇನೂ ಉಳಿಯಲಿಲ್ಲ. ತಮ್ಮನು ಅಂಗಿ ಬಿಚ್ಚಿ ಮಡಿಸುವುದನ್ನು ನೋಡಿದಳು. ತೋಳುಗಳನ್ನು ಹಿಂದಕ್ಕೆ ಮಡಿಸಿ, ಗುಂಡಿ ಹಾಕಿ, ಅಂಗಡಿಯಲ್ಲಿ ಕೊಂಡು ತಂದ ಹೊಸದರಂತೆ ಮಡಿಸಿದ. “ಅಳು ಬಂದ್ರೆ ಅತ್ಬುಡೋ,” ಎಂದಳು. “ಇಲ್ಲಿ ಯಾರವ್ರೆ, ನಾನೊಬ್ಳೇ.”

“ಬರ್ತಿಲ್ಲ ಅಕ್ಕ,” ಎಂದ. ನಿಜವಾಗಿಯೂ ಬರುತ್ತಿರಲಿಲ್ಲ. ಬೇರೆ ಅಂಗಿ ತೊಟ್ಟು ಅಂಗಡಿಯ ಬಾಗಿಲು ಎತ್ತಿದ.

ಆ ವರ್ಷದ ವಿಜಯದಶಮಿಯ ದಿನ ಬನ್ನಿಮಂಟಪದ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಜಿನ ಕವಾಯತು ನೋಡಲು ಮಧ್ಯಾಹ್ನದಿಂದಲೇ ಜನ ಮೈದಾನದ ಕಡೆ ಹರಿಯುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ರಾಮಸ್ವಾಮಿ ಸ್ಕೂಟರನ್ನು ತಳ್ಳಿಕೊಂಡು ಬೆವರುತ್ತಾ ಅಂಗಡಿಯ ಮುಂದೆ ಬಂದು ನಿಂತರು. ಹಿಂದೆ ವೇದವತಿ, ಕೈಯಲ್ಲಿ ನೀರಿನ ಬಾಟಲಿ.

“ಎಲ್ಲೂ ಜಾಗ ಸಿಗಲಿಲ್ಲ ಸಾರ್. ಗಾಡಿ ಇಲ್ಲೇ ಇರಲಾ? ಪೊಲೀಸರು ಎತ್ಕೊಂಡು ಹೋಗ್ತಿದ್ದಾರೆ.”

“ಇರ್ಲಿ ಬುಡಿ ಸಾರ್. ನಾನು ಇಲ್ಲೇ ಇರ್ತೀನಲ್ಲ.”

ಪುಟ್ಟಬಸಮ್ಮ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ರಾಮಸ್ವಾಮಿ ಅತ್ತೆಯ ಆರೋಗ್ಯದ ಬಗ್ಗೆ, ಶಾಲೆಯ ಬಗ್ಗೆ ಹೇಳಿದರು. ಅಮ್ಮ ಈಗ ಪೇಪರ್ ಓದಲು ತಮ್ಮನ್ನು ಕರೆಯುವುದಿಲ್ಲ, ವೇದವತಿಯ ದನಿಯೇ ಚೆನ್ನಾಗಿ ಕೇಳಿಸುತ್ತದಂತೆ ಎಂದು ನಕ್ಕರು. ವೇದವತಿಯೂ ನಕ್ಕಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಚೆನ್ನಾಗಿದ್ದಾಳೆ ಎಂದು ವಿಶ್ವನಾಥನಿಗೆ ಕಂಡಿತು. ಅದರಲ್ಲೂ ಸುಳ್ಳಿರಲಿಲ್ಲ.

“ನಮ್ಮ ಹತ್ರ ಇನ್ನೊಂದು ಪಾಸ್ ಇದೆ, ನೀವೂ ಬನ್ನಿ,” ಎಂದರು ರಾಮಸ್ವಾಮಿ.

“ಬನ್ನಿ,” ಎಂದಳು ವೇದವತಿಯೂ.

“ಜನ ಜಾಸ್ತಿ. ನಂಗಾಗಲ್ಲ. ನೀವು ಹೊರಡಿ, ಆಮೇಲೆ ಒಳಗೆ ಬಿಡಲ್ಲ.”

ಅವರು ಹೊರಟರು. ನೂಕುನುಗ್ಗಲಿನಲ್ಲಿ ರಾಮಸ್ವಾಮಿ ಹೆಂಡತಿಯ ತೋಳು ಹಿಡಿದುಕೊಂಡರು, ಇಬ್ಬರೂ ಜನರ ನಡುವೆ ಸೇರಿಹೋದರು. ಗುಂಪು ಬೆಳೆಯುತ್ತಲೇ ಇತ್ತು. ಯಾರ ಕಾಲು ತಗುಲಿಯೋ ಸ್ಕೂಟರು ಒಂದು ಕಡೆಗೆ ವಾಲಿತು. ವಿಶ್ವನಾಥ ಅದನ್ನು ಹಿಡಿದು ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ತಳ್ಳಿ ಅಂಗಡಿಯ ಗೋಡೆಯ ಬಳಿಗೆ ತಂದ. ಶನಿವಾರಗಳಲ್ಲಿ ವೇದವತಿ ಕೂರುತ್ತಿದ್ದ ಬೆಂಚನ್ನು ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟ.